ಸಂಬಳ ಇಲ್ಲಿಂದ, ಕಟ್ಟಳೆ ಅಲ್ಲಿಂದ

ಮೈಸೂರು ಮಹಾರಾಜ ಕಾಲೇಜಿನ ಅಧ್ಯಾಪಕರಿಗೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರಿಗೆ ಸಂಬಳ ಕೊಡುತ್ತಿದ್ದುದು ಮೈಸೂರಿನ ಬೊಕ್ಕಸ. ಆದರೆ ಅವರು ಕಲಿಸುವ ಪಠ್ಯ, ನಡೆಸುವ ಪರೀಕ್ಷೆ, ಕೊಡುವ ಪದವಿ ಎಲ್ಲವೂ ಮದ್ರಾಸು ವಿಶ್ವವಿದ್ಯಾನಿಲಯದ ಕೈಯಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ಈ ಬಿರುಕನ್ನು ಮುಚ್ಚಿತು. ಅದರ ನಿಜವಾದ ಮಹತ್ವ ಇಲ್ಲಿದೆ ಎಂದು ನನ್ನ ನಂಬಿಕೆ. ಹೊಸ ವಿಶ್ವವಿದ್ಯಾನಿಲಯದ ಮೇಲೂ ಸರ್ಕಾರದ ಹಿಡಿತ ಬಿಗಿಯಾಗಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು, ನಿಜ. ಆದರೆ ಕಟ್ಟಳೆ ಮಾಡಿದವರು ಅದರ ಖರ್ಚಿಗೂ ಹೊಣೆಯಾಗಿದ್ದರು.

ಸ್ವಾತಂತ್ರ್ಯದ ನಂತರ ಆ ಬಿರುಕು ಮತ್ತೆ ಬಾಯ್ತೆರೆಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವನ್ನು 1953ರಲ್ಲಿ ಮೌಲಾನಾ ಆಜಾದ್ ಉದ್ಘಾಟಿಸಿದರು. 1956ರ ಕಾಯಿದೆ ಅದಕ್ಕೆ ಅನುದಾನ ಹಂಚುವ ಕೆಲಸದ ಜೊತೆಗೆ ಶಿಕ್ಷಣದ ಮಟ್ಟ ಕಾಯುವ ಅಧಿಕಾರವನ್ನೂ ಕೊಟ್ಟಿತು. 1919ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಇದೇ ಹೆಸರಿನ ಸಮಿತಿ ವಿಶ್ವವಿದ್ಯಾನಿಲಯಗಳ ದೈನಂದಿನ ಖರ್ಚಿಗೇ ಹಣ ಕೊಡುತ್ತಿತ್ತು. ನಮ್ಮ ಆಯೋಗ ನಿರ್ವಹಣೆಯ ಹಣವನ್ನು ಮುಖ್ಯವಾಗಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮೀಸಲಿಟ್ಟಿತು. ಮೈಸೂರು, ಧಾರವಾಡಗಳಂಥವಕ್ಕೆ ಸಿಕ್ಕಿದ್ದು ಅಭಿವೃದ್ಧಿ ಅನುದಾನ. ಯೋಜನೆಯ ಅವಧಿಯಲ್ಲಿ ಹೊಸ ವಿಭಾಗ ತೆರೆದು ಹುದ್ದೆ ಕೊಟ್ಟರೆ, ಅವಧಿ ಮುಗಿದ ಮೇಲೆ ಸಂಬಳದ ಹೊರೆ ರಾಜ್ಯದ ತಲೆಗೆ. ಹೊರಲಾರದ ಕಡೆ ಹುದ್ದೆ ಖಾಲಿ ಬಿತ್ತು.

ದೇಶಕ್ಕೊಂದು ಸಮಾನ ಅಳತೆಗೋಲು ಬೇಡವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅದಿಲ್ಲದಿದ್ದರೆ ಒಂದು ರಾಜ್ಯದ ಪದವಿಗೆ ಇನ್ನೊಂದು ರಾಜ್ಯದಲ್ಲಿ ಬೆಲೆ ಇರುತ್ತಿರಲಿಲ್ಲ. ಅಧ್ಯಾಪಕರಿಗೆ ಗೌರವದ ವೇತನ ಬಂದದ್ದೂ ಆಯೋಗದ ಶ್ರೇಣಿಗಳಿಂದಲೇ. ಆದರೆ ಅಳೆಯುವವರು ಭಾರ ಹಂಚಿಕೊಳ್ಳಬೇಡವೇ? 2006ರ ವೇತನ ಪರಿಷ್ಕರಣೆಯಲ್ಲಿ ಹೆಚ್ಚುವರಿ ವೆಚ್ಚದ ಶೇ. 80ರಷ್ಟನ್ನು ಮೊದಲ ಕೆಲವು ವರ್ಷ ಕೇಂದ್ರ ಹೊತ್ತಿತ್ತು. 2016ರದಕ್ಕೆ ಅದು ಶೇ. 50ಕ್ಕೆ ಇಳಿಯಿತು. ಪಾಲು ಇಳಿದರೂ ಅಧಿಕಾರ ಇಳಿಯಲಿಲ್ಲ. 2025ರ ಜನವರಿಯಲ್ಲಿ ಆಯೋಗ ಹೊರಡಿಸಿದ ಕರಡು ನಿಯಮದಲ್ಲಿ, ಕುಲಪತಿಯನ್ನು ಹುಡುಕುವ ಸಮಿತಿಯಲ್ಲಿ ರಾಜ್ಯ ಸರ್ಕಾರದ ಪ್ರತಿನಿಧಿಗೆ ಜಾಗವೇ ಇರಲಿಲ್ಲ. ಮರುತಿಂಗಳು ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಿನಲ್ಲಿ ಸೇರಿ ಇದನ್ನು ವಿರೋಧಿಸಿದರು. ಅವರ ತಕರಾರು ನ್ಯಾಯವಾದದ್ದು.