ನಷ್ಟರಹಿತ ಸಂಕೋಚನ: ತಂತ್ರಾಂಶ ರಂಗದಲ್ಲಿ ಆಯ್ಕೆಯ ಇತಿಹಾಸ

ಕಡತವನ್ನು ಕುಗ್ಗಿಸಿ, ಬೇಕಾದಾಗ ಒಂದು ಬಿಟ್ಟೂ ತಪ್ಪದಂತೆ ಮೊದಲಿನ ರೂಪಕ್ಕೆ ತರುವುದೇ ನಷ್ಟರಹಿತ ಸಂಕೋಚನ. ಚಿತ್ರ, ಹಾಡುಗಳಲ್ಲಿ ಕಣ್ಣು ಕಿವಿಗೆ ತಿಳಿಯದಷ್ಟನ್ನು ಕೈಬಿಡಬಹುದು. ಪ್ರೋಗ್ರಾಮಿನಲ್ಲಿ ಒಂದಕ್ಷರ ಹೋದರೂ ಕೆಲಸ ಕೆಟ್ಟಿತು.

ಗಣಿತದ ತಳಹದಿ ಬೇಗನೆ ಬಿತ್ತು. ಹೆಚ್ಚು ಸಲ ಬರುವ ಚಿಹ್ನೆಗೆ ಚಿಕ್ಕ ಸಂಕೇತ ಕೊಡುವ ಕ್ರಮವನ್ನು ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದರು. ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಯ ಬದಲಿಗೆ ಬರೆದ ಪ್ರಬಂಧದಿಂದ ಹುಟ್ಟಿದ ಕ್ರಮವದು. 1977ರಲ್ಲಿ ಇಸ್ರೇಲಿನ ಜೇಕಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ ಬೇರೆ ದಾರಿ ಹಿಡಿದರು: ಹಿಂದೆ ಬಂದದ್ದೇ ಮತ್ತೆ ಬಂದರೆ ಅದನ್ನು ಪುನಃ ಬರೆಯಬೇಕಿಲ್ಲ, ಎಷ್ಟು ಹಿಂದೆ, ಎಷ್ಟು ಉದ್ದ ಎಂದು ಸೂಚಿಸಿದರೆ ಸಾಕು. ಇಂದು ಬಳಕೆಯಲ್ಲಿರುವ ವಿಧಾನಗಳಲ್ಲಿ ಬಹುಪಾಲು ಇವರಿಗೆ ಋಣಿ.

ಆದರೆ ಯಾವ ವಿಧಾನ ಗೆದ್ದಿತು ಎಂಬುದನ್ನು ಗಣಿತವೊಂದೇ ತೀರ್ಮಾನಿಸಲಿಲ್ಲ. ಟೆರ್ರಿ ವೆಲ್ಚ್ 1984ರಲ್ಲಿ ವಿವರಿಸಿದ ಎಲ್‌ಝಡ್‌ಡಬ್ಲ್ಯು ಯುನಿಕ್ಸಿನ ‘ಕಂಪ್ರೆಸ್’ ಆದೇಶಕ್ಕೂ 1987ರ ಜಿಫ್ ಚಿತ್ರಗಳಿಗೂ ಆಧಾರವಾಯಿತು. ಅದರ ಪೇಟೆಂಟ್ ಯುನಿಸಿಸ್ ಕಂಪನಿಯ ಕೈಯಲ್ಲಿತ್ತು. ಪೇಟೆಂಟಿನ ಗೊಡವೆ ಬೇಡವೆಂದೇ 1992ರಲ್ಲಿ ಜಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ ‘ಜಿಜಿಪ್’ ಬರೆದರು. ಅದರೊಳಗಿನ ‘ಡಿಫ್ಲೇಟ್’ ವಿಧಾನ ಪಿಕೆಜಿಪ್ ಖ್ಯಾತಿಯ ಫಿಲ್ ಕಾಟ್ಸ್ ಅವರದು. ಲೆಂಪೆಲ್-ಝಿವ್ ಮತ್ತು ಹಫ್‌ಮನ್ ಎರಡರ ಬೆಸುಗೆ. 1994ರ ಕೊನೆಯಲ್ಲಿ ಜಿಫ್ ಬಳಸುವ ತಂತ್ರಾಂಶಗಳಿಗೂ ಶುಲ್ಕದ ಬೇಡಿಕೆ ಬಂದಾಗ, ಅದೇ ಡಿಫ್ಲೇಟನ್ನು ನೆಚ್ಚಿ ಪಿಎನ್‌ಜಿ ಎಂಬ ಚಿತ್ರರೂಪ ಹುಟ್ಟಿಕೊಂಡಿತು. ಕುಗ್ಗಿಸುವುದರಲ್ಲೂ ಜಿಜಿಪ್ ಹಳೆಯ ಕಂಪ್ರೆಸ್‌ಗಿಂತ ಮೇಲಿತ್ತು ಎನ್ನುವುದು ಅದೃಷ್ಟ.

1996ರ ‘ಬಿಜಿಪ್2’ ಇನ್ನೂ ಚೆನ್ನಾಗಿ ಕುಗ್ಗಿಸುತ್ತಿತ್ತು, ಆದರೆ ಬಿಚ್ಚುವಾಗ ತೆವಳುತ್ತಿತ್ತು. 2009ರಲ್ಲಿ ಬಂದ ‘ಎಕ್ಸ್‌ಝಡ್’ ಅದನ್ನು ಎರಡರಲ್ಲೂ ಹಿಂದಿಕ್ಕಿತು. ಲಿನಕ್ಸ್ ಕರ್ನೆಲ್ಲಿನ ತಾಣ 2013ರ ಕೊನೆಗೆ ಬಿಜಿಪ್2 ಕಡತಗಳನ್ನು ಕೈಬಿಟ್ಟಿತು.

ನಂತರ ಲೆಕ್ಕಾಚಾರವೇ ಬದಲಾಯಿತು. ತಂತ್ರಾಂಶದ ಪ್ಯಾಕೇಜನ್ನು ಅದುಮುವುದು ಒಂದು ಸಲ, ಬಿಚ್ಚುವುದು ಲಕ್ಷಾಂತರ ಯಂತ್ರಗಳಲ್ಲಿ. ಯಾನ್ ಕೊಲೆ ಎಂಬ ತಂತ್ರಜ್ಞರು ಫೇಸ್‌ಬುಕ್‌ನಲ್ಲಿದ್ದುಕೊಂಡು 2016ರಲ್ಲಿ ಬಿಡುಗಡೆ ಮಾಡಿದ ‘ಝಡ್‌ಸ್ಟ್ಯಾಂಡರ್ಡ್’ ಗೆದ್ದದ್ದು ಇಲ್ಲಿ. 2020ರ ಹೊಸ್ತಿಲಲ್ಲಿ ಆರ್ಚ್ ಲಿನಕ್ಸ್ ಎಕ್ಸ್‌ಝಡ್ ಬಿಟ್ಟು ಇದಕ್ಕೆ ಹೊರಳಿದಾಗ ಪ್ಯಾಕೇಜುಗಳ ಒಟ್ಟು ಗಾತ್ರ ಶೇ. 0.8ರಷ್ಟು ಹಿಗ್ಗಿತು, ಬಿಚ್ಚುವ ವೇಗ ಏರಿದ್ದು ಸುಮಾರು ಶೇ. 1300ರಷ್ಟು. ಇಂಥ ವ್ಯಾಪಾರವನ್ನು ಯಾರು ಬೇಡವೆಂದಾರು?

2024ರ ಮಾರ್ಚ್‌ನಲ್ಲಿ ಮತ್ತೊಂದು ಅಳತೆಗೋಲು ಎದುರಾಯಿತು. ಎಕ್ಸ್‌ಝಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಹುದುಗಿಸಿದ್ದರು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದೇಕೆಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು ಹೊರಗೆಳೆದರು. ಕೋಡು ಹುದುಗಿಸಿದ ‘ಜಿಯಾ ಟಾನ್’ ಎಂಬ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಯೋಜನೆಗೆ ದುಡಿದು, ಅದನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದವರ ನಂಬಿಕೆ ಗಳಿಸಿದ್ದರು. ಅಲ್ಲಿಂದಾಚೆಗೆ ವಿಧಾನವನ್ನು ಆರಿಸುವವರು ವೇಗ, ಗಾತ್ರಗಳ ಜೊತೆಗೆ ಅದನ್ನು ಸಲಹುವವರು ಎಷ್ಟು ಮಂದಿ ಎಂದೂ ಕೇಳತೊಡಗಿದರು.

ಡಿಫ್ಲೇಟ್ ಮಾತ್ರ ಕದಲಿಲ್ಲ. ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ 2005ರಿಂದಲೂ ತನ್ನ ಕಡತಗಳನ್ನು ಅದರಲ್ಲೇ ಅದುಮಿಡುತ್ತಿದೆ. ಪೈಥಾನ್ ಭಾಷೆಯ ಮೂಲ ಗ್ರಂಥಾಲಯಕ್ಕೆ ಝಡ್‌ಸ್ಟ್ಯಾಂಡರ್ಡ್ ಸೇರಿದ್ದಾದರೋ ತಡವಾಗಿ, 2025ರ 3.14ನೇ ಆವೃತ್ತಿಯಲ್ಲಿ.