ನರತಂತು ತಂತಿಯಲ್ಲ

"ನರಗಳೆಂದರೆ ನಮ್ಮ ದೇಹದ ಟೆಲಿಫೋನ್ ತಂತಿಗಳು." ನರಮಂಡಲದ ಪಾಠ ಬಂದಾಗಲೆಲ್ಲ ನಾನು ಹೇಳುತ್ತಿದ್ದ ಈ ಮಾತು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಸ್ವಿಚ್ ಹಾಕಿದ ತಕ್ಷಣ ಬಲ್ಬು ಉರಿಯುತ್ತೆ. ನರದಲ್ಲಿ ಕರೆಂಟ್ ಯಾಕೆ ಅಷ್ಟು ನಿಧಾನ?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೆಗೆ ಬರುವುದನ್ನು ಮೊದಲು ಓದು" ಎಂದು ಗದರಿ ಕೂರಿಸಿದೆ. ಆ ವರ್ಷ ಅವನು ಮತ್ತೇನನ್ನೂ ಕೇಳಲಿಲ್ಲ. ನಿವೃತ್ತನಾದ ಮೇಲೆ ಬಿಡುವಿನಲ್ಲಿ ನಾನು ಮೊದಲು ಹುಡುಕಿದ್ದು ಆ ಪ್ರಶ್ನೆಯ ಉತ್ತರವನ್ನು.

ಹುಡುಗನ ಸಂದೇಹ ಹೊಸತೇನಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಸಂದೇಶದ ವೇಗವನ್ನು ಅಳೆದಾಗ ಸೆಕೆಂಡಿಗೆ ಸುಮಾರು 27 ಮೀಟರ್ ಬಂದಿತು. ಈ ವೇಗವನ್ನು ಅಳೆಯುವುದೇ ಅಸಾಧ್ಯವೆಂದು ಅವನ ಗುರು ಮ್ಯೂಲರ್ ನಂಬಿದ್ದ. 1902ರಲ್ಲಿ ಬರ್ನ್‌ಸ್ಟೈನ್ ಎಂಬಾತ ರಹಸ್ಯವಿರುವುದು ನರಕೋಶದ ಪೊರೆಯಲ್ಲಿ ಎಂದ. ವಿಶ್ರಾಂತಿಯಲ್ಲಿ ಪೊರೆಯ ಒಳಬದಿ ಋಣಾತ್ಮಕ; ಸಂದೇಶ ಹಾಯುವಾಗ ಪೊರೆ ತನ್ನ ಬಿಗಿ ಕಳೆದುಕೊಂಡು ವಿದ್ಯುತ್ ವ್ಯತ್ಯಾಸ ಸೊನ್ನೆಗೆ ಇಳಿಯುತ್ತದೆ ಎಂಬುದು ಅವನ ವಾದ.

ಇದನ್ನು ನೇರವಾಗಿ ಪರೀಕ್ಷಿಸಲು ನೆರವಾದದ್ದು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್. ಅದರ ದೈತ್ಯ ನರತಂತು ಅರ್ಧ ಮಿಲಿಮೀಟರಿನಷ್ಟು ದಪ್ಪ. 1939ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ಕಡಲತೀರದ ಪ್ರಯೋಗಾಲಯದಲ್ಲಿ ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಆ ತಂತುವಿನೊಳಕ್ಕೇ ಸಣ್ಣ ಗಾಜಿನ ನಳಿಕೆಯನ್ನು ತೂರಿಸಿ ಅಳೆದರು. ಹಕ್ಸ್‌ಲಿಗೆ ಆಗ ವಯಸ್ಸು 21. ವಿಭವ ಸೊನ್ನೆಯಲ್ಲಿ ನಿಲ್ಲಲಿಲ್ಲ. ಅದನ್ನು ದಾಟಿ ಧನಾತ್ಮಕ ಬದಿಗೆ ಏರಿತು. ಬರ್ನ್‌ಸ್ಟೈನನ ಲೆಕ್ಕ ತಪ್ಪಿತ್ತು. ಅಷ್ಟರಲ್ಲಿ ಮಹಾಯುದ್ಧ. ಒಬ್ಬರು ವಿಮಾನಗಳ ರೇಡಾರ್ ಕೆಲಸಕ್ಕೆ, ಇನ್ನೊಬ್ಬರು ಫಿರಂಗಿಗಳ ಗುರಿಯ ಲೆಕ್ಕಕ್ಕೆ ಹೋದರು. ಕೈಗೆ ಸಿಕ್ಕ ಎಳೆಯನ್ನು ಬಿಟ್ಟು ವರ್ಷಗಟ್ಟಲೆ ಕಾಯುವುದೆಂದರೆ ಎಂಥ ಸಂಕಟವಿರಬೇಕು!

ಯುದ್ಧಾನಂತರ ಹಾಜ್‌ಕಿನ್ ಮತ್ತು ಕಾಟ್ಸ್ ಕಡಲನೀರಿನಲ್ಲಿ ಸೋಡಿಯಮನ್ನು ಕಡಿಮೆ ಮಾಡಿ ನೋಡಿದರು. ಸಂದೇಶದ ಎತ್ತರವೂ ತಗ್ಗಿತು. ಸಂಗತಿ ಸ್ಪಷ್ಟವಾಯಿತು: ಪೊರೆಯ ಹೊರಗೆ ಹೆಚ್ಚಾಗಿರುವ ಸೋಡಿಯಂ ಅಯಾನುಗಳು ಕ್ಷಣಮಾತ್ರ ಒಳನುಗ್ಗುತ್ತವೆ, ಅವುಗಳ ಹಿಂದೆಯೇ ಒಳಗಿನ ಪೊಟ್ಯಾಸಿಯಂ ಹೊರಬಂದು ಪೊರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಒಂದು ಜಾಗದಲ್ಲಿ ಆದ ಬದಲಾವಣೆ ಪಕ್ಕದ ಜಾಗವನ್ನು ಕೆರಳಿಸುತ್ತದೆ. ಪಟಾಕಿಯ ಸರದಲ್ಲಿ ಒಂದು ಸಿಡಿದು ಮುಂದಿನದಕ್ಕೆ ಬೆಂಕಿ ಮುಟ್ಟಿಸುವಂತೆ. ವ್ಯತ್ಯಾಸವಿಷ್ಟೆ, ಈ ಪಟಾಕಿ ಕೆಲವೇ ಸಹಸ್ರಾಂಶ ಸೆಕೆಂಡುಗಳಲ್ಲಿ ಮತ್ತೆ ಸಿಡಿಯಲು ಸಿದ್ಧ.

ಇದನ್ನು ಸಮೀಕರಣಗಳಲ್ಲಿ ಹಿಡಿದು ಪರೀಕ್ಷಿಸುವ ವೇಳೆಗೆ ಕೇಂಬ್ರಿಜಿನ ಗಣಕಯಂತ್ರ ಆರು ತಿಂಗಳು ಸ್ಥಗಿತಗೊಂಡಿತ್ತು. ಹಕ್ಸ್‌ಲಿ ಕೈಯಿಂದ ಹಿಡಿಕೆ ತಿರುಗಿಸುವ ಬ್ರುನ್ಸ್‌ವಿಗಾ ಯಂತ್ರದ ಮುಂದೆ ಕುಳಿತರು. ನರದಲ್ಲಿ ಸಾಗುವ ಒಂದೇ ಒಂದು ಸಂದೇಶದ ಲೆಕ್ಕಕ್ಕೆ ಹಿಡಿದದ್ದು ಸುಮಾರು ಮೂರು ವಾರ. ಬಂದ ಉತ್ತರ ಸೆಕೆಂಡಿಗೆ 18.8 ಮೀಟರ್. ಸ್ಕ್ವಿಡ್ಡಿನ ತಂತುವಿನಲ್ಲಿ ಅಳೆದದ್ದು 21.2. ನಾನು ಮಗ್ಗಿ ಒಪ್ಪಿಸಿಕೊಂಡ ಮಕ್ಕಳು ಈ ಎರಡು ಸಂಖ್ಯೆಗಳನ್ನು ಒಂದು ಕ್ಷಣ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1952ರಲ್ಲಿ ಪ್ರಬಂಧಗಳು ಪ್ರಕಟವಾದವು. 1963ರಲ್ಲಿ ನೊಬೆಲ್ ಬಂತು.

ಆದರೆ ಅಯಾನುಗಳು ಹಾಯುವ ದಾರಿಯನ್ನು ಆಗ ಯಾರೂ ಕಂಡಿರಲಿಲ್ಲ. ಪೊಟ್ಯಾಸಿಯಂ ಹೊರಬರಲು ನಾಲ್ಕು ಕಣಗಳು ಒಟ್ಟಿಗೆ ಸರಿಯಾದ ಜಾಗದಲ್ಲಿರಬೇಕು ಎಂದು ಅವರು ಲೆಕ್ಕಕ್ಕಾಗಿ ಊಹಿಸಿಕೊಂಡಿದ್ದರು, ಅಷ್ಟೆ. 1976ರಲ್ಲಿ ನೇಹರ್ ಮತ್ತು ಸಾಕ್‌ಮನ್ ಒಂದೇ ಅಯಾನು ನಾಳದ ಅತಿ ಸೂಕ್ಷ್ಮ ವಿದ್ಯುತ್ತನ್ನು ದಾಖಲಿಸಿದರು. 1998ರಲ್ಲಿ ಮೆಕಿನನ್ ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ನಾಳವೊಂದರ ರಚನೆಯನ್ನೇ ತೋರಿಸಿದರು. ಅದರಲ್ಲಿದ್ದುವು ನಾಲ್ಕು ಸಮಾನ ಘಟಕಗಳು! ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಹಾಗಾದರೆ ಹುಡುಗನಿಗೆ ಉತ್ತರ ಇದು. ತಂತಿಯಲ್ಲಿ ವಿದ್ಯುತ್ತು ನೇರವಾಗಿ ಹರಿಯುತ್ತದೆ. ನರದಲ್ಲಿ ಹರಿಯುವುದು ಉದ್ದಕ್ಕೂ ಅಲ್ಲ, ಪೊರೆಯ ಅಡ್ಡಕ್ಕೆ; ಪ್ರತಿ ಹೆಜ್ಜೆಯಲ್ಲೂ ನಾಳಗಳು ತೆರೆಯಬೇಕು, ಅಯಾನುಗಳು ನುಗ್ಗಬೇಕು, ಪಕ್ಕದ ಪೊರೆ ಎಚ್ಚರಗೊಳ್ಳಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಟೆಲಿಫೋನ್ ತಂತಿಯೇ ತಪ್ಪು.

ಅವನಿಗೀಗ ನಲವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಇದನ್ನು ಓದಿದರೆ ಒಂದು ಸಾಲು ಬರೆಯಲಿ.