ಪಾಕ ಮತ್ತು ಪಚನ: ಸೂಪಶಾಸ್ತ್ರದಿಂದ ಹೆಸರಘಟ್ಟದವರೆಗೆ

ಸಂಸ್ಕೃತದ 'ಪಚ್' ಧಾತುವಿಗೆ ಬೇಯಿಸುವುದೆಂಬ ಅರ್ಥವೂ ಇದೆ, ಜೀರ್ಣಗೊಳಿಸುವುದೆಂಬ ಅರ್ಥವೂ ಇದೆ. ಒಲೆಯ ಮೇಲಿನದು ಪಾಕ, ಜಠರಾಗ್ನಿಯದು ಪಚನ. ಎರಡೂ ಒಂದೇ ಕ್ರಿಯೆಯ ಎರಡು ಹಂತಗಳೆಂಬ ಭಾವನೆ ಈ ನುಡಿಯಲ್ಲಿಯೇ ಅಡಗಿದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಜೈನಕವಿ, ಕಲ್ಲಹಳ್ಳಿಯ ಮೂರನೆಯ ಮಂಗರಸನು ತನ್ನ 'ಸೂಪಶಾಸ್ತ್ರ'ದಲ್ಲಿ ಬದನೆ, ಹಲಸು, ಬಾಳೆ, ಕಳಲೆಗಳ ಪಾಕವನ್ನು ಷಟ್ಪದಿಯಲ್ಲಿ ನಿರೂಪಿಸಿದನು. ಇವುಗಳಲ್ಲಿ ಕಳಲೆಯೊಂದೇ ಸಾಕು, ಪಾಕವೆಂಬುದು ಕೇವಲ ರುಚಿಯ ವಿಷಯವಲ್ಲವೆಂದು ತಿಳಿಯಲು. ಹಸಿ ಕಳಲೆಯಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ವಸ್ತುವಿದೆ. ಹೆಚ್ಚಿ, ನೀರು ಬದಲಿಸುತ್ತ ನೆನೆಹಾಕಿ, ಬೇಯಿಸಿದ ಬಳಿಕವೇ ಅದು ಆಹಾರವೆನಿಸುತ್ತದೆ.

ಆಧುನಿಕ ಪೋಷಣಶಾಸ್ತ್ರವು ಬೇರೊಂದು ದಾರಿಯಿಂದ ಬಂದಿತು. ಕೂನೂರಿನ ಪ್ರಯೋಗಾಲಯದ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಕೋಷ್ಟಕವನ್ನು ಪ್ರಕಟಿಸಿದನು. ಅದರ ಉಪಕಾರ ದೊಡ್ಡದು. ಆದರೆ ಅಂತಹ ಕೋಷ್ಟಕವು ತರಕಾರಿಯಲ್ಲಿ ಏನಿದೆಯೆಂಬುದನ್ನು ಹೇಳುತ್ತದೆಯೇ ಹೊರತು ಉಂಡವನಿಗೆ ಎಷ್ಟು ದಕ್ಕಿತೆಂಬುದನ್ನಲ್ಲ. ಬೇಯಿಸಿದರೆ ಸತ್ವ ಹೋಗುತ್ತದೆ, ಹಸಿಯೇ ಶ್ರೇಷ್ಠವೆಂಬ ನಂಬಿಕೆ ಬೆಳೆದದ್ದು ಈ ಅಂತರದಲ್ಲಿಯೇ. ವಿಟಮಿನ್ ಸಿ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ: ಶಾಖಕ್ಕೆ ನಶಿಸುತ್ತದೆ, ಬಸಿದ ನೀರಿನೊಡನೆ ಹರಿದುಹೋಗುತ್ತದೆ. ಕ್ಯಾರೊಟಿನ್ ವಿಷಯದಲ್ಲಿ ಮಾತು ಬೇರೆ. ಅದು ಸಸ್ಯಕೋಶದ ಗೋಡೆಯ ಒಳಗೆ, ಸೊಪ್ಪಿನಲ್ಲಾದರೆ ಪ್ರೋಟೀನಿಗೆ ಅಂಟಿಕೊಂಡು, ಬಂಧಿಯಾಗಿರುತ್ತದೆ. ಶಾಖವು ಆ ಗೋಡೆಯನ್ನು ಸಡಿಲಿಸುತ್ತದೆ. ಹೊರಬಂದ ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗಿ, ಪಿತ್ತರಸದ ನೆರವಿನಿಂದ ಸೂಕ್ಷ್ಮ ಕಣಗಳಾಗಿ ಕರುಳಿನ ಗೋಡೆಯನ್ನು ತಲುಪುತ್ತದೆ. ಎಣ್ಣೆಯ ಸೋಂಕಿಲ್ಲದ ಹಸಿ ಕೋಸಂಬರಿಯಲ್ಲಿ ಇದರ ಬಹುಪಾಲು ದೇಹಕ್ಕೆ ದಕ್ಕದೆ ಹೊರಹೋಗುತ್ತದೆ.

ಇದು ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. ವಿಟಮಿನ್ ಎ ಕೊರತೆಯಿಂದ ಕುರುಡಾಗುತ್ತಿದ್ದ ಮಕ್ಕಳಿಗಾಗಿ ಭಾರತ ಸರ್ಕಾರವು 1970ರಲ್ಲಿ ಆರು ತಿಂಗಳಿಗೊಮ್ಮೆ ಹೆಚ್ಚು ಪ್ರಮಾಣದ ವಿಟಮಿನ್ ಹನಿ ಕೊಡುವ ಕಾರ್ಯಕ್ರಮವನ್ನು ಆರಂಭಿಸಬೇಕಾಯಿತು. ಸೊಪ್ಪು ಬೆಳೆಯುವ ನಾಡಿನಲ್ಲಿಯೇ ಈ ಕುರುಡು!

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಕೃಷ್ಣಪುರ ಶ್ರೀನಿವಾಸನ್, ಕಲ್ಪನಾ ಪ್ಲಾಟೆಲ್ ಮೊದಲಾದವರು ಈ ಶತಮಾನದ ಮೊದಲ ದಶಕದಲ್ಲಿ ಜೀರ್ಣಕ್ರಿಯೆಯನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸಿ ಇದನ್ನು ಅಳೆದರು. ಕ್ಯಾರೆಟ್, ಸಿಹಿಗುಂಬಳ, ದಂಟು, ಮೆಂತ್ಯಸೊಪ್ಪುಗಳನ್ನು ಹಸಿಯಾಗಿಯೂ ಬೇಯಿಸಿಯೂ ಪರೀಕ್ಷಿಸಿದಾಗ ಬೇಯಿಸಿದವುಗಳಿಂದಲೇ ಬೀಟಾ ಕ್ಯಾರೊಟಿನ್ ಹೆಚ್ಚು ಬಿಡುಗಡೆಯಾಯಿತು. ಕೊಂಚ ಎಣ್ಣೆಯಲ್ಲಿ ಬಾಡಿಸಿದಾಗ ಹೆಚ್ಚಳ ಇನ್ನೂ ದೊಡ್ಡದು. ಅರಿಶಿನವು ಎಲ್ಲ ತರಕಾರಿಗಳಲ್ಲಿಯೂ ಇದನ್ನು ಹೆಚ್ಚಿಸಿತು. ನಿಂಬೆರಸವೂ ಬಹಳಷ್ಟು ಸಂದರ್ಭಗಳಲ್ಲಿ ನೆರವಾಯಿತು. ಪಾತ್ರೆಯ ಜೀರ್ಣಕ್ರಿಯೆ ಮನುಷ್ಯನ ಉದರವಲ್ಲ, ನಿಜ. ಆದರೂ ಪಲ್ಯಕ್ಕೆ ಒಗ್ಗರಣೆ ಹಾಕಿ ಅರಿಶಿನ ಉದುರಿಸಿ ಕೊನೆಗೆ ನಿಂಬೆ ಹಿಂಡುವ ಕ್ರಮದ ಒಂದೊಂದು ಹೆಜ್ಜೆಗೂ ಇಲ್ಲಿ ಕಾರಣ ದೊರೆಯಿತು.

ತಳಿಯನ್ನು ಸಿದ್ಧಪಡಿಸುವ ಕೆಲಸ ನಡೆದದ್ದು ಬೆಂಗಳೂರಿನ ಉತ್ತರದಲ್ಲಿ. ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿಯವರು ನೀಡಿದ 30 ಎಕರೆಯಲ್ಲಿ ಕೃಷಿ ಸಂಶೋಧನೆ ಮೊಳೆಯಿತು. ಯಲಹಂಕದಾಚೆಯ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 'ಅರ್ಕಾ ಚಂದನ್' ಎಂಬ ಕಿತ್ತಳೆ ತಿರುಳಿನ, ಕ್ಯಾರೊಟಿನ್ ಸಮೃದ್ಧ ಸಿಹಿಗುಂಬಳವನ್ನು ನೀಡಿತು. ಈ ಕುಂಬಳದ ಮೂಲ ಅಮೆರಿಕ ಖಂಡ. ಮಂಗರಸನು ಅದನ್ನು ಕಂಡಿರಲಾರನು. ಆದರೆ ಕಂದಮೂಲಗಳನ್ನು ವರ್ಜಿಸುವ ಜೈನ ಅಡುಗೆಮನೆಗೆ ಕ್ಯಾರೆಟ್ ನಿಷಿದ್ಧವಾದುದರಿಂದ ಅದರ ಸ್ಥಾನವನ್ನು ತುಂಬಬಲ್ಲದ್ದು ಬಳ್ಳಿಯಲ್ಲಿ ಬಿಡುವ ಈ ಕಾಯಿಯೇ. ಹಸಿ ಅರಿಶಿನವನ್ನು ಒಲ್ಲದ ಆ ಅಡುಗೆಮನೆಯು ಒಣಗಿಸಿ ಪುಡಿಮಾಡಿದ ಅರಿಶಿನವನ್ನು ಹಿಂದಿನಿಂದಲೂ ಸ್ವೀಕರಿಸುತ್ತ ಬಂದಿದೆ.